ಪರದೆಯ ಹಿಂದಿನ ರೋಸ್ಕ

ನಮ್ಮೂರಿನ ಡಾಂಬರು ರಸ್ತೆ ಸೆರಾಫಿನ್ ಮನೆಯ ಗೇಟಿನ ತನಕ ಬಂದು ಅಲ್ಲಿಗೆ ನಿಂತುಬಿಟ್ಟಿದೆ. ಅಲ್ಲಿಂದ ಮೇಲೆ ನಮ್ಮ ಮನೆಯವರೆಗೆ ಬರೀ ಮಣ್ಣು, ಮಳೆ ಬಂದರೆ ಮೊಣಕಾಲುದ್ದ ಕೆಸರು. ಡಾಂಬರಿನ ಅಂಚು ಕತ್ತರಿಯಲ್ಲಿ ಬಟ್ಟೆ ಕತ್ತರಿಸಿದಷ್ಟು ನೇರವಾಗಿದೆ. ದುಡ್ಡು ಸಾಲದೆ ನಿಂತ ರಸ್ತೆ ಅಷ್ಟು ನೇರವಾಗಿ ನಿಲ್ಲುವುದಿಲ್ಲ. ಯಾರೋ ಕೋಲು ಎತ್ತಿ, ಇಲ್ಲಿಗೆ ಸಾಕು ಅಂದಿರಬೇಕು.

ಅಂದವನು ದೋನ್ ಬೆನಿಗ್ನೊ. ದೊಡ್ಡವರ ಹೆಸರಿಗೆ ನಮ್ಮಲ್ಲಿ ದೋನ್ ಸೇರಿಸಿ ಕರೆಯುವುದು ವಾಡಿಕೆ, ಹೆಂಗಸಾದರೆ ದೋನ್ಯಾ. ಸ್ಪೇನಿನ ಈ ಗಲೀಸಿಯಾ ಪ್ರಾಂತದ ನಮ್ಮಂಥ ಊರುಗಳಲ್ಲಿ ಪ್ರತಿ ಕಣಿವೆಗೂ ಒಬ್ಬ ದೋನ್ ಬೆನಿಗ್ನೊ ಇರುತ್ತಾನೆ. ಸಾಂತಿಯಾಗೊದಲ್ಲಿ ಕೂತು ಪ್ರಾಂತವನ್ನು ಆಳುತ್ತಿದ್ದ ಪಕ್ಷಕ್ಕೆ ಇವನೇ ಇಲ್ಲಿನ ಕಣ್ಣು, ಇವನೇ ಕೈ. ಮುದುಕರ ಪಿಂಚಣಿ ಬೇಗ ಬರಬೇಕೆಂದರೆ ಇವನಿಗೆ ಹೇಳಬೇಕು. ವೃದ್ಧಾಶ್ರಮದಲ್ಲಿ ಹಾಸಿಗೆ ಬೇಕೆಂದರೆ ಇವನಿಗೆ ಹೇಳಬೇಕು. ದಾರಿದೀಪ ಕೆಟ್ಟರೂ ಇವನಿಗೇ. ನನ್ನ ಗಂಡ ಅಮಾರೊ ಯಾವುದಕ್ಕೂ ಹೇಳಿದವನಲ್ಲ. ನೀಲಗಿರಿ ಮರ ಕಡಿಯುವ ಕೆಲಸ ಅವನದು, ತೋಳಿನಲ್ಲಿ ಶಕ್ತಿ ಇತ್ತು, ಬಾಯಿಯ ಮೇಲೆ ಹಿಡಿತ ಇರಲಿಲ್ಲ. ಒಂದು ಸಂಜೆ ಹೆಂಡದಂಗಡಿಯಲ್ಲಿ ಲೋಟ ಎತ್ತಿ, ಈ ಸಲ ನನ್ನ ಮತ ಗುಲಾಬಿಗೆ ಅಂದುಬಿಟ್ಟ. ಸಮಾಜವಾದಿಗಳ ಗುರುತು ಮುಷ್ಟಿಯಲ್ಲಿ ಹಿಡಿದ ಗುಲಾಬಿ, ಹಾಗಾಗಿ ನಮ್ಮ ಕಡೆ ಅವರನ್ನು ಗುಲಾಬಿಯವರು ಅಂತಲೇ ಕರೆಯುವುದು. ಆ ಬೇಸಿಗೆಯಲ್ಲೇ ಡಾಂಬರು ಬಂತು, ಸೆರಾಫಿನ್ ಗೇಟಿನ ತನಕ.

ನವೆಂಬರಿನ ಒಂದು ಬೆಳಗ್ಗೆ ಅಮಾರೊ ಎದೆ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ಕುಸಿದ. ಆಂಬುಲೆನ್ಸು ಬೇಗನೇ ಬಂತು, ಆದರೆ ಡಾಂಬರು ಮುಗಿದಲ್ಲಿ ಅದರ ಗಾಲಿ ಹೂತುಕೊಂಡಿತು. ಅಕ್ಕಪಕ್ಕದವರು ಸೇರಿ ಕೊಟ್ಟಿಗೆಯ ಬಾಗಿಲನ್ನೇ ಕಿತ್ತು, ಅದರ ಮೇಲೆ ಅವನನ್ನು ಮಲಗಿಸಿ, ಜಾರುತ್ತ ಏಳುತ್ತ ಕೆಳಗೆ ಹೊತ್ತರು. ಸೆರಾಫಿನ್ ಒಂದು ತುದಿ ಹಿಡಿದಿದ್ದ. ಅವನು ದಾರಿಯುದ್ದಕ್ಕೂ ಅಳುತ್ತಿದ್ದದ್ದು ನನಗೆ ನೆನಪಿದೆ. ಅವನ ಗೇಟು ತಲುಪುವ ಹೊತ್ತಿಗೆ ಅಮಾರೊನ ಕೈ ತಣ್ಣಗಾಗಿತ್ತು.

ಶವದ ಜೊತೆ ಕೂತ ಆ ಸಂಜೆ ಊರಿಗೆ ಊರೇ ನಮ್ಮ ಮನೆಯಲ್ಲಿತ್ತು. ಒಬ್ಬೊಬ್ಬರೂ ಬಂದು ನನ್ನನ್ನು ತಬ್ಬಿ, ಕಿವಿಯಲ್ಲಿ ಒಂದೇ ಮಾತು ಹೇಳಿ ಹೋದರು. ಕಾಸಿಲ್ದಾ ಅಜ್ಜಿ ಅಂದದ್ದು ಹೀಗೆ: "ಎದೆನೋವು ಕೊಲ್ಲಲಿಲ್ಲ ಮಗಳೇ, ರಸ್ತೆ ಕೊಂದಿದ್ದು. ಎಲ್ರಿಗೂ ಗೊತ್ತು." ಜೋರಾಗಿ ಹೇಳಿದವರು ಯಾರೂ ಇಲ್ಲ. ಆಮೇಲೆ ಕಪ್ಪು ಟೈ ಕಟ್ಟಿಕೊಂಡು ದೋನ್ ಬೆನಿಗ್ನೊ ಬಂದ. ಕೂತವರೆಲ್ಲ ಎದ್ದು ನಿಂತರು. ಅವನು ನನ್ನ ಎರಡೂ ಕೈ ಹಿಡಿದುಕೊಂಡು, ನಿಜವಾಗಿಯೂ ನೊಂದವನ ಹಾಗೆ ತಲೆ ಆಡಿಸಿದ.

"ಎಷ್ಟು ಹಟ ನೋಡು ಎರ್ಮಿತಾಸ್, ನಿನ್ನ ಗಂಡಂದು. ಒಂದ್ಸಲ ಬಂದು ಕೇಳಿದ್ರೆ ನಾನು ರಸ್ತೆ ಹಾಕಿಸ್ಕೊಡ್ತಿರ್ಲಿಲ್ವಾ?"

ನಾನು ಅವನಿಗೆ ಕಾಫಿ ಕೊಟ್ಟೆ. ಸಕ್ಕರೆ ಹಾಕಿ, ಕಲಕಿ ಕೊಟ್ಟೆ. ಮಗಳು ನೊಯೆಲಾ ಅಪ್ಪನ ಕೋಟು ಹೊದ್ದು ಬೆಂಚಿನ ಮೇಲೆ ನಿದ್ದೆ ಹೋಗಿದ್ದಳು. ಅವಳ ಕಾಲು ಹೊರಗೆ ಬಂದಿತ್ತು, ಕೋಟಿನ ತುದಿ ಎಳೆದು ಮುಚ್ಚಿದೆ. ಮುಚ್ಚುತ್ತಲೇ ಮನಸ್ಸಿನಲ್ಲಿ ಅಂದುಕೊಂಡೆ: ದೋನ್ ಬೆನಿಗ್ನೊ, ನಿನ್ನ ಈ ಕೈಗಳು ಒಂದು ದಿನ ನಡುಗುವುದನ್ನು ನಾನು ನೋಡಬೇಕು.

ನನಗೆ ಅವಸರ ಇರಲಿಲ್ಲ. ಉರಿ ಸಣ್ಣಗಿಟ್ಟರೆ ಎಂಥ ಗಟ್ಟಿ ಮಾಂಸವೂ ಮೂಳೆ ಬಿಡುತ್ತದೆ ಅನ್ನುವುದು ಅಡುಗೆ ಮಾಡುವವಳಿಗೆ ಗೊತ್ತು.

ಮುಂದಿನ ವಸಂತದಲ್ಲಿ ಪುರಸಭೆಯ ಚುನಾವಣೆ ಬಂತು. ಅದೇ ಜನ, ಅದೇ ಬಸ್ಸು, ಅದೇ ಲಕೋಟೆ. ನಮ್ಮಲ್ಲಿ ಪ್ರತಿ ಪಕ್ಷಕ್ಕೂ ಬೇರೆ ಬೇರೆ ಚೀಟಿ. ಬೇಕಾದ ಚೀಟಿಯನ್ನು ಲಕೋಟೆಯಲ್ಲಿಟ್ಟು ಪೆಟ್ಟಿಗೆಗೆ ಹಾಕುವುದು. ದೋನ್ ಬೆನಿಗ್ನೊ ಮುದುಕರನ್ನೆಲ್ಲ ಮನೆಬಾಗಿಲಿಂದ ಬಸ್ಸಿಗೆ ಹತ್ತಿಸಿ, ಬಸ್ಸಿನಲ್ಲೇ ಚೀಟಿ ತುಂಬಿ ಅಂಟಿಸಿದ ಲಕೋಟೆ ಕೈಗಿಟ್ಟು, ಮತಗಟ್ಟೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದ. ಪಕ್ಷದ ಏಜೆಂಟ್ ಅಂತ ಕೊರಳಿಗೆ ಕಾರ್ಡು, ಕೂರುವುದಕ್ಕೆ ಹಕ್ಕು. ಅವನ ಕೈಯಿಂದ ಹೊರಟ ಲಕೋಟೆ ಪೆಟ್ಟಿಗೆಗೆ ಬೀಳುವ ತನಕ ಅವನ ಕಣ್ಣು ಅದರ ಮೇಲೆಯೇ. ಅಮಾರೊನನ್ನು ಹೊತ್ತವರು ಕೂಡ ಅವತ್ತು ಅವನ ಲಕೋಟೆಯನ್ನೇ ಹಾಕಿದರು.

ನನಗೆ ಸಿಟ್ಟು ಬಂತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಾಸಿಲ್ದಾ ಅಜ್ಜಿಯನ್ನು ಹಿಡಿದು ಕೇಳಿಯೇಬಿಟ್ಟೆ. ಅಜ್ಜಿ ಹಾಸಿಗೆ ಬಟ್ಟೆ ಹಿಂಡುತ್ತ, ಮುಖ ಎತ್ತದೆ ಹೇಳಿದಳು.

"ಅವನ ಕಣ್ಣೆದುರಿಗೆ ಹಾಕ್ಬೇಕಲ್ಲ ಮಗಳೇ. ನನ್ನ ಮಗ ಪುರಸಭೆ ಲಾರಿ ಓಡಿಸ್ತಾನೆ. ನೀನಾದ್ರೆ ಏನ್ ಮಾಡ್ತಿದ್ದೆ?"

ಮನೆಗೆ ಬಂದು ಹಸುವಿಗೆ ಹುಲ್ಲು ಹಾಕುವಾಗ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಹಾಗಾದರೆ ಅವನ ಕಣ್ಣು ಮರೆಯಾದರೆ ಸಾಕು.

ಮತಗಟ್ಟೆಯ ಮೂಲೆಯಲ್ಲಿ ಪರದೆ ಕಟ್ಟಿದ ಗೂಡು ಇರುತ್ತದೆ. ಒಳಗೆ ಎಲ್ಲ ಪಕ್ಷಗಳ ಚೀಟಿ, ಖಾಲಿ ಲಕೋಟೆ, ಎಲ್ಲ ಇಟ್ಟಿರುತ್ತಾರೆ. ಕಾನೂನಿದೆ ಅಂತ ಇಡುತ್ತಾರೆ, ಯಾರೂ ಹೋಗುವುದಿಲ್ಲ. ಹೋದರೆ, ಮುಚ್ಚಿಡುವುದು ಏನೋ ಇದೆ ಅಂತ ತಾನೇ ಅರ್ಥ. ಒಮ್ಮೆ ಗಾರೆ ಕೆಲಸದವನೊಬ್ಬ ಪರದೆಯ ಹಿಂದೆ ಹೋಗಿಬಂದ. ಆಮೇಲೆ ಪುರಸಭೆಯ ಒಂದು ಗೋಡೆಯೂ ಅವನ ಕೈಗೆ ಸಿಗಲಿಲ್ಲ. ಅವತ್ತಿಂದ ಆ ಪರದೆಯ ಕಡೆ ನೋಡುವುದಕ್ಕೂ ಜನ ಹೆದರುತ್ತಿದ್ದರು.

ಮರುವರ್ಷ ಜೂನಿಗೆ ಪ್ರಾಂತದ ಚುನಾವಣೆ ಗೊತ್ತುಮಾಡಿದರು. ಕರಾವಳಿಯ ಪಟ್ಟಣಗಳಲ್ಲಿ ಗುಲಾಬಿಯವರ ಗಾಳಿ ಬೀಸುತ್ತಿದೆ, ಬಂದರಿನ ಕೆಲಸಗಾರರು, ಮೀನು ಡಬ್ಬಿ ಕಾರ್ಖಾನೆಯ ಹೆಂಗಸರು ಎಲ್ಲ ಅತ್ತ ವಾಲಿದ್ದಾರೆ ಅಂತ ರೇಡಿಯೊ ಹೇಳುತ್ತಿತ್ತು. ಈ ಸಲ ಸರ್ಕಾರ ಬದಲಾಗಬಹುದು, ಒಳನಾಡಿನ ಹಳ್ಳಿಗಳ ಮೇಲೆ ನಿಂತಿದೆ ಅಂದರು. ಒಳನಾಡಿನ ಹಳ್ಳಿ ಅಂದರೆ ನಾವೇ. ಗುಲಾಬಿಯವರು ನಮ್ಮ ಮತಗಟ್ಟೆಗೆ ಒಬ್ಬ ಏಜೆಂಟನನ್ನೂ ಕಳಿಸಲಿಲ್ಲ. ಇಲ್ಲಿ ಗೆಲ್ಲುವುದುಂಟೇ ಅಂತ ಅವರಿಗೂ ಅನ್ನಿಸಿರಬೇಕು.

ಮತಗಟ್ಟೆಯಲ್ಲಿ ಕೂರುವವರನ್ನು ನಮ್ಮಲ್ಲಿ ಊರಿನವರ ನಡುವಿನಿಂದಲೇ ಚೀಟಿ ಎತ್ತಿ ಆರಿಸುತ್ತಾರೆ. ಹೆಸರು ಬಂದರೆ ಒಲ್ಲೆ ಅನ್ನುವ ಹಾಗಿಲ್ಲ, ದಂಡ ಬೀಳುತ್ತದೆ. ಆ ಸಲ ಅಧ್ಯಕ್ಷೆಯಾಗಿ ನನ್ನ ಹೆಸರು ಬಂತು. ಊರಿನವರು ಪಾಪ ಅಂದರು, ದನ ಕರು ಬಿಟ್ಟು ದಿನವಿಡೀ ಕೂರಬೇಕಲ್ಲ ಅಂತ. ನಾನೂ ನಿಟ್ಟುಸಿರು ಬಿಟ್ಟೆ. ಆಮೇಲೆ ಅಂಗಡಿಗೆ ಹೋಗಿ ಮೈದಾ ಹಿಟ್ಟು, ಮೊಟ್ಟೆ, ಸೋಂಪು ತಂದೆ.

ಚುನಾವಣೆಯ ಹಿಂದಿನ ದಿನ ಕೂತು ರೋಸ್ಕ ಕರಿದೆ. ಬಳೆಯ ಹಾಗೆ ಸುತ್ತಿ, ಎಣ್ಣೆಯಲ್ಲಿ ಕರಿದು, ಬಿಸಿಯಿರುವಾಗಲೇ ಸಕ್ಕರೆಯಲ್ಲಿ ಹೊರಳಿಸುವುದು. ನಮ್ಮ ಅತ್ತೆ ಕಲಿಸಿದ ಹದ. ಸುತ್ತಿಕೊಟ್ಟಿದ್ದು ನೊಯೆಲಾ. ಇಷ್ಟೊಂದು ಯಾರಿಗಮ್ಮ ಅಂದಳು. ಮತ ಹಾಕೋಕೆ ಬರೋರಿಗೆ ಕಣೇ, ಪಾಪ ಹಸ್ಕೊಂಡು ಬರ್ತಾರೆ ಅಂದೆ. ಅದು ಸುಳ್ಳೂ ಅಲ್ಲ.

ಭಾನುವಾರ ಬೆಳಗ್ಗೆ ಹಳೆಯ ಶಾಲೆಯ ಕೋಣೆಯಲ್ಲಿ ಪೆಟ್ಟಿಗೆಯ ಹಿಂದೆ ಕೂತೆವು. ನನ್ನ ಬಲಕ್ಕೆ ಔಷಧಿ ಅಂಗಡಿಯ ಹುಡುಗಿ ಉಶಿಯಾ, ಎಡಕ್ಕೆ ಕಿವಿ ಮಂದವಾದ ರಮಿರೊ ಮಾವ. ರೋಸ್ಕದ ದೊಡ್ಡ ತಟ್ಟೆಯನ್ನು ನಾನು ಪರದೆಯ ಹಿಂದೆ, ಚೀಟಿಗಳ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ. ಉಶಿಯಾ ನನ್ನ ಮುಖ ನೋಡಿದಳು. ಬಿಸಿಲು, ನೊಣ, ಒಳಗೆ ನೆರಳಿದೆ ಅಂದೆ. ಅವಳು "ನೆರಳಲ್ಲೇ ಇರ್ಲಿ ಬಿಡಿ ಅಕ್ಕ" ಅಂದಳು. ಜಾಣೆ.

ದೋನ್ ಬೆನಿಗ್ನೊ ಬಂದ. ಮೂಗು ಅರಳಿಸಿ, ಸೋಂಪಿನ ವಾಸನೆ ಎಲ್ಲಿಂದ ಅಂದ. ಪರದೆಯ ಹಿಂದೆ ಇದೆ, ಎಲ್ಲರಿಗೂ ಮಾಡಿದ್ದೇನೆ, ತಾವೂ ತಗೊಳ್ಳಿ ಅಂದೆ. ಅವನು ಗಟ್ಟಿಯಾಗಿ ನಕ್ಕ.

"ನೋಡ್ರಪ್ಪಾ, ಬೆನಿಗ್ನೊನೇ ಪರದೆ ಹಿಂದೆ ಹೋಗೋ ಹಂಗಾಯ್ತು. ಎರ್ಮಿತಾಸ್ ಮಾಡಿದ ತಪ್ಪು."

ಬಾಗಿಲಲ್ಲಿ ನಿಂತವರೆಲ್ಲ ನಕ್ಕರು. ಅವನು ಹೋಗಿ, ಬಾಯಿ ತುಂಬ ಸಕ್ಕರೆ ಮೆತ್ತಿಕೊಂಡು, ಕೈಯಲ್ಲಿ ಇನ್ನೊಂದು ಹಿಡಿದು ಬಂದ. ಅವನು ಎಡವಿದ್ದೇ ಅಲ್ಲಿ. ಸಿಹಿ ಕಂಡರೆ ತಡೆಯಲಾರದವನು, ನಗಿಸುವ ಅವಕಾಶ ಬಿಡಲಾರದವನು. ಅವನೇ ಹೋಗಿಬಂದ ಪರದೆಯ ಹಿಂದೆ ಇನ್ನು ಯಾರು ಹೋದರೆ ಏನು?

ಪೂಜೆ ಮುಗಿಸಿ ಚರ್ಚಿನಿಂದ ಹಸಿದ ಹೊಟ್ಟೆಯಲ್ಲಿ ಬಸ್ಸು ಹತ್ತಿದ್ದ ಮುದುಕಿಯರು ಮೊದಲು ಬಂದರು. ನಾನು ಒಬ್ಬೊಬ್ಬರಿಗೂ ಒಂದೇ ಮಾತು ಹೇಳಿದೆ: ಮೊದಲು ಒಳಗೆ ಹೋಗಿ ಒಂದು ರೋಸ್ಕ ತಿಂದು ಬನ್ನಿ, ಆಮೇಲೆ ಮತ. ಅಷ್ಟೇ. ಗುಲಾಬಿ ಅನ್ನಲಿಲ್ಲ, ಅಮಾರೊ ಅನ್ನಲಿಲ್ಲ. ಕಾಸಿಲ್ದಾ ಅಜ್ಜಿ ಪರದೆಯ ಮುಂದೆ ನಿಂತು ನನ್ನ ಕಡೆ ತಿರುಗಿದಳು. ನಾನು ಪೆಟ್ಟಿಗೆಯ ಮೇಲಿನ ದೂಳು ಒರೆಸುತ್ತಿದ್ದೆ. ಅಜ್ಜಿ ಒಳಗೆ ಹೋದಳು. ಒಂದು ರೋಸ್ಕ ತಿನ್ನುವುದಕ್ಕೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಒಳಗಿದ್ದಳು. ಹೊರಗೆ ಬಂದಾಗ ತುಟಿಯ ಮೇಲೆ ಸಕ್ಕರೆ, ಕೈಯಲ್ಲಿ ಲಕೋಟೆ. ಲಕೋಟೆಗಳೆಲ್ಲ ಒಂದೇ ಥರ, ಬಸ್ಸಿನಲ್ಲಿ ಕೊಟ್ಟದ್ದೋ ಒಳಗೆ ಹೊಸದಾಗಿ ತುಂಬಿದ್ದೋ ನೋಡಿದರೆ ಗೊತ್ತಾಗುವುದಿಲ್ಲ.

ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಅವಳ ಗಂಡ. ಸೆರಾಫಿನ್ ಟೋಪಿ ಕೈಯಲ್ಲಿ ಹಿಡಿದು ಒಳಗೆ ಹೋಗಿ, ಟೋಪಿ ಹಾಕಿಕೊಂಡು ಹೊರಗೆ ಬಂದ.

ಮಧ್ಯಾಹ್ನದ ಹೊತ್ತಿಗೆ ದೋನ್ ಬೆನಿಗ್ನೊನ ನಗು ನಿಂತಿತ್ತು. ಲಕೋಟೆಯನ್ನು ಹಿಂಬಾಲಿಸುತ್ತಿದ್ದ ಅವನ ಕಣ್ಣು ಪ್ರತಿ ಸಲವೂ ಪರದೆಗೆ ಬಡಿದು ವಾಪಸು ಬರುತ್ತಿತ್ತು. ಎದ್ದು ಬಂದು ಮೇಜಿನ ಮೇಲೆ ಕೈಯೂರಿದ. ತಟ್ಟೆ ಹೊರಗೆ ತಂದು ಮೇಜಿನ ಮೇಲಿಡು ಅಂದ.

"ಬೇಡ ದೋನ್ ಬೆನಿಗ್ನೊ. ಇಲ್ಲಿಟ್ರೆ ಎಣ್ಣೆ ಕೈಯಲ್ಲಿ ಎಲ್ರೂ ಪೆಟ್ಟಿಗೆ ಮುಟ್ತಾರೆ, ಕಾಗದಕ್ಕೆಲ್ಲ ಕಲೆ ಆಗುತ್ತೆ. ನಿಮ್ಮ ಮತಗಳೇ ಹಾಳಾದಾವು."

"ಹಂಗಾದ್ರೆ ತೆಗೆದೇಬಿಡು. ಇದೇನ್ ಮತಗಟ್ಟೆನೋ ಬೇಕರಿನೋ?"

ಸಾಲಿನಲ್ಲಿ ನಿಂತಿದ್ದ ಮುದುಕಿಯರು ಗೊಣಗಿದರು. ಬೆಳಗಿನಿಂದ ಬಾಯಿಗೆ ನೀರು ಬಿಟ್ಟಿಲ್ಲ, ಬಸ್ಸಿನಲ್ಲಿ ಒಂದು ಬ್ರೆಡ್ಡಿನ ಚೂರೂ ಕೊಡದವರು ಈಗ ಬೇರೆಯವರು ಕೊಟ್ಟಿದ್ದನ್ನೂ ಕಿತ್ತುಕೊಳ್ಳುತ್ತಾರೆ ಅಂತ ಒಬ್ಬಳು ಅವನಿಗೆ ಕೇಳುವ ಹಾಗೆಯೇ ಅಂದಳು. ಅದೇ ಹೊತ್ತಿಗೆ ಅವನ ಹೆಂಡತಿ ದೋನ್ಯಾ ಓಬ್ದುಲಿಯಾ ಬಂದರು. ಮುತ್ತಿನ ಸರ, ಹೊಸ ಚಪ್ಪಲಿ. ಯಾವತ್ತೂ ಯಾರಿಗೂ ಕೆಟ್ಟದ್ದು ಮಾಡಿದವರಲ್ಲ, ಅಮಾರೊ ಸತ್ತಾಗ ನೊಯೆಲಾಗೆ ಉಣ್ಣೆಯ ಅಂಗಿ ಹೆಣೆದು ಕೊಟ್ಟಿದ್ದರು. ಗಲಾಟೆ ಏನು ಅಂತ ಕೇಳಿ, ರೋಸ್ಕ ಅಂತ ತಿಳಿದು, ಗಂಡ ಬಾಯಿ ತೆರೆಯುವ ಮುಂಚೆ ಪರದೆಯ ಹಿಂದೆ ಹೋಗಿಬಿಟ್ಟರು. ಅವನು ನಿಂತಲ್ಲೇ ನಿಂತ. ತನ್ನ ಹೆಂಡತಿಗಿಲ್ಲದ ತಡೆ ಊರಿನವರಿಗೆ ಹಾಕುವುದು ಹೇಗೆ?

ಅವರು ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ನಾನು ಮಿಕ್ಕ ರೋಸ್ಕದ ಡಬ್ಬಿ ತೆಗೆದುಕೊಂಡು, ತಟ್ಟೆ ತುಂಬುವ ನೆಪದಲ್ಲಿ ಒಳಗೆ ಹಣಕಿದೆ. ದೋನ್ಯಾ ಓಬ್ದುಲಿಯಾ ರೋಸ್ಕಗಳನ್ನು ಕರವಸ್ತ್ರದಲ್ಲಿ ಸುತ್ತಿ ಸುತ್ತಿ ಕೈಚೀಲಕ್ಕೆ ತುಂಬುತ್ತಿದ್ದರು. ಅಂಟಿಸಿದ ಲಕೋಟೆ ಕಂಕುಳಲ್ಲಿ ಭದ್ರವಾಗಿತ್ತು. ಚೀಟಿಗಳ ಕಡೆ ಅವರು ನೋಡಿರಲೂ ಇಲ್ಲ. ನನ್ನನ್ನು ಕಂಡು ಬೆಚ್ಚಿದರು, ಮುಖ ಕೆಂಪಾಯಿತು.

"ಸಕ್ಕರೆ ಕಾಯಿಲೆ ಅಂತ ಇವ್ರು ಮನೇಲಿ ಒಂದು ಚೂರೂ ಮುಟ್ಟಕ್ಕೆ ಬಿಡಲ್ಲ ಕಣಮ್ಮ. ಹೇಳ್ಬೇಡ."

ಹೇಳಲ್ಲ ಅಂದೆ. ಇನ್ನೆರಡು ನಾನೇ ಚೀಲಕ್ಕೆ ಹಾಕಿದೆ. ಅವರು ನಗುತ್ತ ಹೊರಗೆ ಹೋಗಿ ಗಂಡ ಕೊಟ್ಟ ಲಕೋಟೆಯನ್ನು ಪೆಟ್ಟಿಗೆಗೆ ಹಾಕಿದರು.

ಜೂನಿನ ಸಂಜೆ, ಮತದಾನ ಮುಗಿದಾಗಲೂ ಕಿಟಕಿಯಲ್ಲಿ ಬಿಸಿಲಿತ್ತು. ಎಣಿಕೆ ನೋಡಲು ಊರಿನ ಅರ್ಧ ಜನ ಗೋಡೆಗೆ ಒರಗಿ ನಿಂತಿದ್ದರು. ಪ್ರತಿ ಲಕೋಟೆಯನ್ನೂ ಒಡೆದು, ಚೀಟಿಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ, ಎಲ್ಲರಿಗೂ ತೋರಿಸಬೇಕಾದವಳು ಅಧ್ಯಕ್ಷೆ. ಮೊದಲ ಚೀಟಿ ಆಳುವ ಪಕ್ಷದ್ದು. ಆಮೇಲಿನದ್ದೂ ಅದೇ. ದೋನ್ ಬೆನಿಗ್ನೊ ಕಾಲು ಚಾಚಿದ. ಮುಂದಿನದು ಒಡೆದೆ.

"ಸಮಾಜವಾದಿ."

ಯಾರೋ ಕೆಮ್ಮಿದರು. ಇನ್ನೊಂದು ಒಡೆದೆ, ಅದೂ ಸಮಾಜವಾದಿ. ಅದರ ಮುಂದಿನದೂ. ನಾನು ಅವಸರ ಮಾಡಲಿಲ್ಲ. ಪ್ರತಿ ಗುಲಾಬಿಯನ್ನೂ ಓದಿ, ಚೀಟಿಯನ್ನು ಮೊದಲು ಅವನ ಕಡೆಗೆ ಹಿಡಿದು ತೋರಿಸಿ, ಆಮೇಲೆ ಕೆಳಗಿಡುತ್ತಿದ್ದೆ. ಅವನು ಕಾಲು ಮಡಿಸಿಕೊಂಡ. ಮೇಜಿನ ಹತ್ತಿರ ಬಂದ. ಒಂದು ಲಕೋಟೆಯ ಮೇಲೆ ಎಣ್ಣೆಯ ಬೆರಳಿನ ಗುರುತಿತ್ತು. ಉಶಿಯಾ ಇದು ಊರ್ಜಿತವೋ ಅಲ್ಲವೋ ಅಂತ ಕೇಳಿದಳು.

"ಊರ್ಜಿತನೇ," ಅಂತ ಅವನು ಮೇಜು ಕುಟ್ಟಿದ. "ಪಾಪ ಯಾವ್ದೋ ಮುದುಕಿ ಕೈ ಅದು. ನನ್ನ ಬಸ್ಸಲ್ಲೇ ಬಂದವಳು. ಎಣ್ಣೆ ಏನ್ ಗುರುತೇ? ಲೆಕ್ಕಕ್ಕೆ ತಗೊಳ್ಳಿ."

ತಾವು ಹೇಳಿದ ಮೇಲೆ ಮುಗಿಯಿತು ಅಂದು ಒಡೆದೆ. ಗುಲಾಬಿ. ಗೋಡೆಯ ಹತ್ತಿರ ಯಾರೋ ನಗು ತಡೆಯಲಾರದೆ ಹೊರಗೆ ಓಡಿದರು. ರಮಿರೊ ಮಾವ ಕಿವಿಗೆ ಕೈ ಹಚ್ಚಿ ಏನು ಬಂತು ಅಂದ. ನಾನು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಓದಿದೆ.

ನಮ್ಮೂರಿನಲ್ಲಿ ಗುಲಾಬಿ ಗೆದ್ದಿತು. ನೂಕಿಕೊಂಡು, ಏದುಸಿರು ಬಿಟ್ಟುಕೊಂಡು ಗೆದ್ದದ್ದಲ್ಲ, ಸಲೀಸಾಗಿ ಗೆದ್ದಿತು. ಎಣಿಕೆಯ ಕಾಗದಕ್ಕೆ ಸಹಿ ಹಾಕುವಾಗ ದೋನ್ ಬೆನಿಗ್ನೊನ ಕೈ ನಡುಗಿತು. ನಾನು ಅವನ ಮುಖ ನೋಡಲಿಲ್ಲ, ಕೈಯನ್ನೇ ನೋಡಿದೆ. ಪ್ರಾಂತದ ತುಂಬ ಅದೇ ಕಥೆ ಅಂತ ಮರುದಿನ ರೇಡಿಯೊ ಹೇಳಿತು. ಸಾಂತಿಯಾಗೊದಲ್ಲಿ ಸರ್ಕಾರ ಬದಲಾಗುತ್ತದೆ, ಗುಲಾಬಿಯವರು ಬರುತ್ತಾರೆ ಅಂತ. ಊರಿನಲ್ಲಿ ಯಾರೂ ಪಟಾಕಿ ಹೊಡೆಯಲಿಲ್ಲ. ಹೊಡೆದರೆ ಯಾರು ಹೊಡೆದದ್ದು ಅಂತ ಗೊತ್ತಾಗುತ್ತಲ್ಲ.

ಅವನು ಮನೆಮನೆಗೆ ಹೋಗತೊಡಗಿದ. ಕಾಸಿಲ್ದಾ ಅಜ್ಜಿ ಕಾರ್ಮೆನ್ ಮಾತೆಯ ಪಟ ಮುಟ್ಟಿ, ನಿಮ್ಮ ಲಕೋಟೆಯನ್ನೇ ಹಾಕಿದೆ ಅಂದಳಂತೆ. ಸೆರಾಫಿನ್ ಸತ್ತ ತಾಯಿಯ ಮೇಲೆ ಆಣೆ ಇಟ್ಟನಂತೆ. ಯಾವ ಮನೆಯಲ್ಲೂ ಒಬ್ಬನೂ ಗುಲಾಬಿಗೆ ಹಾಕಿದವನಿಲ್ಲ. ಯಾರ ಮನೆಯ ದೀಪ ಕೆಡಿಸುವುದು, ಯಾರ ಮಗನನ್ನು ಲಾರಿಯಿಂದ ಇಳಿಸುವುದು, ಅವನಿಗೆ ಗೊತ್ತಾಗಲಿಲ್ಲ. ಹೆಂಡದಂಗಡಿಯಲ್ಲಿ ಅವನು ಕಾಲಿಟ್ಟರೆ ಮೊದಲಿನಂತೆಯೇ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಆ ನಿಂತ ಮುಖಗಳನ್ನೇ ಅವನು ಒಂದೊಂದಾಗಿ ನೋಡುತ್ತಿದ್ದನಂತೆ, ಲೋಟ ಮುಟ್ಟದೆ.

ಜುಲೈನಲ್ಲಿ ಒಂದು ಬೆಳಗ್ಗೆ ನಮ್ಮ ಮನೆಗೂ ಬಂದ. ಕಾರನ್ನು ಕೆಳಗೆ ಬಿಟ್ಟು ನಡೆದು ಬಂದಿದ್ದ. ನಾನು ಅಂಗಳದಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ, ಏಳಲಿಲ್ಲ. ಅವನು ತಾನೇ ಕಲ್ಲಿನ ಮೇಲೆ ಕೂತ. ಕಣ್ಣಿನ ಕೆಳಗೆ ಚರ್ಮ ಜೋತುಬಿದ್ದಿತ್ತು.

"ಆಣೆ ಹಾಕಿದೋರ್ನೆಲ್ಲ ಕೂಡಿಸಿದ್ರೆ ನಾನೇ ಗೆಲ್ಬೇಕಿತ್ತು ಎರ್ಮಿತಾಸ್," ಅಂದ. ನಗಲು ನೋಡಿದ, ಆಗಲಿಲ್ಲ.

ನಾನು ಸಿಪ್ಪೆ ತೆಗೆಯುತ್ತಿದ್ದೆ.

"ಊರಿನೋರು ಹಾಳಾಗ್ಲಿ. ಓಬ್ದುಲಿಯಾ ಒಳಗೆ ಯಾಕೆ ಅಷ್ಟು ಹೊತ್ತಿದ್ಲು? ಕೇಳಿದ್ರೆ ಮುಖ ಕೆಂಪು ಮಾಡ್ಕೊಂಡು ನಗ್ತಾಳೆ, ಮಾತು ಬದಲಾಯಿಸ್ತಾಳೆ. ನೀನು ತಟ್ಟೆ ತುಂಬಕ್ಕೆ ಒಳಗೆ ಹೋಗಿದ್ದೆ. ನೋಡಿರ್ತೀಯ."

ಒಂದು ಮಾತು ಸಾಕಿತ್ತು. ಕರವಸ್ತ್ರ, ರೋಸ್ಕ, ಸಕ್ಕರೆ ಕಾಯಿಲೆ. ಅವನು ನಕ್ಕುಬಿಡುತ್ತಿದ್ದ, ಮನೆಗೆ ಹೋಗಿ ಹೆಂಡತಿಯನ್ನು ಗದರಿಸಿ ನಿದ್ದೆ ಮಾಡುತ್ತಿದ್ದ. ಹೇಳಲ್ಲ ಅಂತ ನಾನು ಆಕೆಗೆ ಮಾತು ಕೊಟ್ಟಿದ್ದೆ ನಿಜ. ಆದರೆ ಬಾಯಿ ಕಟ್ಟಿದ್ದು ಆ ಮಾತಲ್ಲ, ಅದು ನನಗೇ ಗೊತ್ತು.

"ಮತ ಅಂದ್ರೆ ಗುಟ್ಟು, ದೋನ್ ಬೆನಿಗ್ನೊ."

"ಯಾರಿಗೂ ಹೇಳಲ್ಲ. ಹೂಂ ಅಥವಾ ಉಹೂಂ ಅನ್ನು ಸಾಕು."

ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಅವನನ್ನು ನೋಡಿದೆ.

"ನಾನು ಹೋದಾಗ ಚೀಟಿಗಳ ಪಕ್ಕದಲ್ಲಿ ನಿಂತಿದ್ರು. ನನ್ನ ನೋಡಿ ಬೆಚ್ಚಿದ್ರು. ಹೇಳ್ಬೇಡ ಅಂದ್ರು. ಅಷ್ಟೇ ನಾನು ಹೇಳೋದು."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನು ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಮೊಣಕಾಲು ಹಿಡಿದು ಎದ್ದ. ಇಳಿದು ಹೋಗುವಾಗ ದಾರಿ ಕಾಣದವನ ಹಾಗೆ ಬೇಲಿಯ ಕಂಬವನ್ನು ಒಂದೊಂದಾಗಿ ಹಿಡಿಯುತ್ತಿದ್ದ. ಕೂಗಿ ಕರೆಯುವಷ್ಟು ದೂರದಲ್ಲೇ ಇದ್ದ. ಕರೆಯಲಿಲ್ಲ. ಆಲೂಗಡ್ಡೆ ತೊಳೆದು ಒಲೆಯ ಮೇಲಿಟ್ಟೆ.

ಆ ಭಾನುವಾರ ಚರ್ಚಿನಲ್ಲಿ ಗಂಡ ಹೆಂಡತಿ ಬೇರೆ ಬೇರೆ ಬೆಂಚಿನಲ್ಲಿ ಕೂತಿದ್ದರು. ದೋನ್ಯಾ ಓಬ್ದುಲಿಯಾ ಅಳುವಿನಿಂದ ಊದಿದ ಕಣ್ಣಿನಲ್ಲೇ ನನ್ನ ಕಡೆ ನೋಡಿ, ಯಾವತ್ತಿನಂತೆ ತಲೆ ಬಾಗಿಸಿದರು. ನಾನು ಕಣ್ಣು ತಪ್ಪಿಸಿದೆ, ಸುಳ್ಳು ಹೇಳಲಾರೆ. ಅವರಿಬ್ಬರ ನಡುವಿನ ಬೆಂಚು ಖಾಲಿಯಿತ್ತು. ನಾನು ನೊಯೆಲಾಳ ಕೈ ಹಿಡಿದುಕೊಂಡು ಹೋಗಿ ಅಲ್ಲೇ ಕೂತೆ.